ಕೇಳುವವರ ಹೊಣೆ

ಅಪಾಯವೊಂದನ್ನು ಮೇಲಿನವರಿಗೆ ತಿಳಿಸಿದೊಡನೆ ನಮ್ಮ ಕರ್ತವ್ಯ ಮುಗಿಯಿತೆ? ಕಾರಖಾನೆಯಲ್ಲಿ, ಆಸ್ಪತ್ರೆಯಲ್ಲಿ, ಮಠದಲ್ಲಿಯೂ ಏಳಬಹುದಾದ ಈ ಪ್ರಶ್ನೆಯನ್ನು, ವಾಚಕ ಬಂಧುಗಳೇ, ಸೈನಿಕ ವೈಮಾನಿಕರ ನಡುವೆ ಸಂಭವಿಸಿದ ಒಂದು ದುರಂತವನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ನಗರದ ಬಳಿ ಫೇರ್‌ಚೈಲ್ಡ್ ಎಂಬ ವಾಯುನೆಲೆಯಿದೆ. ಅಲ್ಲಿ ಬಿ-52 ಎಂಬ ಎಂಟು ಎಂಜಿನುಗಳ ಬಾಂಬರ್ ವಿಮಾನಗಳಿದ್ದ ಕಾಲದಲ್ಲಿ, ಇತರ ಚಾಲಕರ ಯೋಗ್ಯತೆಯನ್ನು ಪರೀಕ್ಷಿಸುವ ವಿಭಾಗಕ್ಕೆ ಆರ್ಥರ್ ಹಾಲೆಂಡ್ ಎಂಬ ಅಧಿಕಾರಿ ಮುಖ್ಯಸ್ಥನಾಗಿದ್ದನು. ಅಂದರೆ, ನಿಯಮವೆಂದರೇನೆಂಬುದನ್ನು ಉಳಿದವರು ಆತನ ನಡೆಯಿಂದಲೇ ಕಲಿಯಬೇಕಾಗಿತ್ತು. ನುರಿತ ಚಾಲಕ, ಸಂಶಯವಿಲ್ಲ. ಆದರೆ 1991ರಿಂದಲೇ ಪ್ರದರ್ಶನಗಳಲ್ಲಿ ವಿಮಾನವನ್ನು ಮಿತಿಮೀರಿ ಓರೆಯಾಗಿಸುವುದು, ಮಿತಿಗಿಂತ ತಗ್ಗಿನಲ್ಲಿ ಹಾರಿಸುವುದು ಆತನ ಅಭ್ಯಾಸವಾಯಿತು. ಕಿರಿಯರಲ್ಲಿ ಕೆಲವರು ಅನುಕರಿಸಲೂ ತೊಡಗಿದರು. ಕಂಡವರು ಹೇಳದೆ ಇರಲಿಲ್ಲ. ಆದರೆ ಬಾಯಿಮಾತಿನ ಎಚ್ಚರಿಕೆಗಳು ಕಾಗದಕ್ಕೆ ಇಳಿಯಲಿಲ್ಲ. ಮೇಲಧಿಕಾರಿಗಳು ವರ್ಗವಾಗಿ ಹೋದರು, ಹೊಸಬರಿಗೆ ಹಳೆಯದು ತಿಳಿಯಲಿಲ್ಲ.

1994ರ ಮಾರ್ಚಿಯಲ್ಲಿ ಯಾಕಿಮಾದ ಅಭ್ಯಾಸಭೂಮಿಯಲ್ಲಿ ಆತ ಗುಡ್ಡದ ನೆತ್ತಿಯನ್ನು ಸವರುವಂತೆ ವಿಮಾನ ಹಾರಿಸಿದಾಗ, ದಳದ ನಾಯಕ ಮಾರ್ಕ್ ಮೆಗೀಹನ್, ಈತನನ್ನು ಹಾರಾಟದಿಂದ ನಿಲ್ಲಿಸಬೇಕೆಂದು ಮೇಲಧಿಕಾರಿಯನ್ನು ಕೇಳಿದನು. ಅಧಿಕಾರಿ ಒಪ್ಪಲಿಲ್ಲ. ಆಗ ಮೆಗೀಹನ್, ತನ್ನ ದಳದವರು ಹಾಲೆಂಡನೊಡನೆ ಹಾರಬೇಕಾದರೆ ಪಕ್ಕದ ಆಸನದಲ್ಲಿ ತಾನೇ ಇರಬೇಕೆಂದು ನಿಶ್ಚಯಿಸಿದನು. ಅದೇ ಜೂನ್ 24ರಂದು, ಪ್ರದರ್ಶನದ ತಾಲೀಮಿನಲ್ಲಿ, ಸುಮಾರು 250 ಅಡಿ ಎತ್ತರದಲ್ಲಿ ನಿಯಂತ್ರಣ ಗೋಪುರವನ್ನು ಸುತ್ತುತ್ತಿದ್ದ ವಿಮಾನ, ರೆಕ್ಕೆ ನೆಲಕ್ಕೆ ಲಂಬವಾಗುವಷ್ಟು ಓರೆಯಾಗಿ ಬಿದ್ದಿತು. ಅದರಲ್ಲಿದ್ದ ನಾಲ್ವರೂ ಮಡಿದರು. ಮೆಗೀಹನ್ನನ ಮಡದಿ ಮಕ್ಕಳು ಅದನ್ನು ಕಣ್ಣಾರೆ ಕಂಡರು. ಒಪ್ಪದಿದ್ದ ಅಧಿಕಾರಿ ಮುಂದೆ ಸೈನಿಕ ನ್ಯಾಯಾಲಯದಲ್ಲಿ ಕರ್ತವ್ಯಲೋಪವನ್ನು ಒಪ್ಪಿಕೊಂಡನು.

ಮೆಗೀಹನ್ನನನ್ನು ತ್ಯಾಗಿಯೆಂದು ಹೊಗಳಿ ಮುಗಿಸುವುದು ಸುಲಭ. ಅವನ ದಳದ ಕಿರಿಯರು ಉಳಿದರು, ದಿಟ, ಅದಕ್ಕಾಗಿ ತಲೆಬಾಗುತ್ತೇವೆ. ಆದರೆ ವಿಮಾನ ನಿಲ್ಲಲಿಲ್ಲ. ಇನ್ನೂ ಮೇಲಿನವರ ಬಳಿಗೆ ಹೋಗಬಹುದಿತ್ತಲ್ಲವೆ ಎಂದು ಕೇಳಬಹುದು. ಹೌದು, ಆದರೆ ಒಬ್ಬರನ್ನು ದಾಟಿ ಹೋದವನನ್ನು ದ್ರೋಹಿಯೆನ್ನುವುದು ಎಲ್ಲ ಸಂಸ್ಥೆಗಳ ಹಳೆಯ ರೋಗ. ನಿಜವನ್ನು ನುಡಿದವನಿಗೆ ಕೊನೆಗೆ ತನ್ನ ದೇಹವನ್ನೇ ಅಡ್ಡವಿಡುವುದೊಂದೇ ದಾರಿ ಉಳಿಯಿತೆಂದರೆ, ತಪ್ಪು ನುಡಿದವನದಲ್ಲ.

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿದರು. ಆ ತಾಯಿಯ ದಿಟ್ಟತನವನ್ನು ಪ್ರವಚನಗಳಲ್ಲಿ ಕೊಂಡಾಡುತ್ತೇವೆ. ಹೆಂಡತಿಯ ಮಾತನ್ನು ಮನ್ನಿಸಿ ಅಕ್ಕಿಯೊಡನೆ ಹಿಂತಿರುಗಿದ ಮಾರಯ್ಯನವರನ್ನು ಅಷ್ಟಾಗಿ ನೆನೆಯುವುದಿಲ್ಲ. ಆತ ಕಿವಿಗೊಡದಿದ್ದರೆ ಲಕ್ಕಮ್ಮನವರ ಮಾತು ಮನೆಯೊಳಗಿನ ಜಗಳವಾಗಿ ಮುಗಿಯುತ್ತಿತ್ತು.

ಪಾದಕ್ಕೆರಗುವವರ ನಡುವೆ ಇರುವ ನಮ್ಮಂಥವರಿಗೆ ಕೇಳುವ ಅಭ್ಯಾಸ ಬೇಗನೆ ತಪ್ಪುತ್ತದೆ. ನಮ್ಮ ಪ್ರಸಾದನಿಲಯದ ಅಡುಗೆಯವನು ಅನಿಲದ ಕೊಳವೆ ಸೀಳಿದೆಯೆಂದು ಎರಡು ಸಲ ಹೇಳಿದ್ದನು; ಎರಡು ಸಲವೂ ನೋಡೋಣವೆಂದೆವು. ಮೂರನೆಯ ದಿನ ಆತ ಒಲೆ ಹೊತ್ತಿಸಲಿಲ್ಲ. ಹುಡುಗರ ಊಟ ತಡವಾಯಿತು, ನಮಗೆ ಸಿಟ್ಟೂ ಬಂದಿತು. ಮಧ್ಯಾಹ್ನ ಬಂದ ದುರಸ್ತಿಯವನು ಕೊಳವೆಯನ್ನು ಬಿಚ್ಚಿ, ಏನೂ ಹೇಳದೆ, ಸೀಳನ್ನು ನಮ್ಮ ಮುಂದೆ ಹಿಡಿದನು.