ಜಲಸಂಧಿಯಲ್ಲಿ ಹಾಯುವ ಹಕ್ಕು

ಒಡೆತನವೆಂದರೆ ಇತರರನ್ನು ಹೊರಗಿರಿಸುವ ಅಧಿಕಾರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನಮ್ಮ ಗ್ರಾಮನಕ್ಷೆಗಳಲ್ಲಿ ಒಬ್ಬನ ಹೊಲದ ನಡುವೆಯೇ ಹಾದುಹೋಗುವ ಕಾಲುದಾರಿ ಬಂಡಿದಾರಿಗಳನ್ನು ಕಂಡವರಿಗೆ ಈ ಭಾವನೆ ಪೂರ್ಣವಲ್ಲವೆಂಬುದು ಹೊಳೆಯದಿರದು. ನೆಲ ಹೊಲದವನದು, ನಡೆಯುವ ಹಕ್ಕು ಆಚೆಯ ಹೊಲದವನದು. ಅವನು ಅಲ್ಲಿ ಗಾಡಿ ಹೊಡೆಯಬಹುದು, ಆದರೆ ಕಣ ಮಾಡಲಾಗದು, ಹುಲ್ಲು ಕೊಯ್ಯಲಾಗದು. ಸ್ವಾಮ್ಯವೂ ಅಲ್ಲದ, ಯಜಮಾನನ ಕೃಪೆಯೂ ಅಲ್ಲದ, ಚಲನೆಯಲ್ಲಿರುವಷ್ಟು ಕಾಲ ಮಾತ್ರವೇ ಜೀವಿಸುವ ಈ ವಿಲಕ್ಷಣವಾದ ಹಕ್ಕು ರಾಷ್ಟ್ರರಾಷ್ಟ್ರಗಳ ನಡುವಣ ನ್ಯಾಯದಲ್ಲಿ ಎಲ್ಲಕ್ಕಿಂತ ಸ್ಫುಟವಾಗಿ ಕಾಣುವುದು ಜಲಸಂಧಿಗಳಲ್ಲಿ. ಎರಡು ಸಮುದ್ರಗಳನ್ನು ಕೂಡಿಸುವ ಇಕ್ಕಟ್ಟಾದ ಆ ನೀರಿನ ಮೇಲೆ ದಡದ ರಾಜ್ಯಕ್ಕೆ ಪ್ರಭುತ್ವವುಂಟು, ಆದರೂ ಅದನ್ನು ಮುಚ್ಚುವ ಅಧಿಕಾರವಿಲ್ಲ.

ಈ ವಿಚಾರದ ಆಧುನಿಕ ಚರಿತ್ರೆ ಆರಂಭವಾದದ್ದು ಒಂದು ಜಲಸಂಧಿಯ ಬಳಿಯಲ್ಲಿಯೇ. 1603ರ ಫೆಬ್ರವರಿಯಲ್ಲಿ ಸಿಂಗಪುರದ ಜಲಸಂಧಿಯ ಸಮೀಪ ಡಚ್ ನಾವಿಕ ಯಾಕೊಬ್ ವಾನ್ ಹೇಮ್ಸ್ಕರ್ಕ್ ಪೋರ್ಚುಗೀಸರ ‘ಸಾಂತಾ ಕತರೀನಾ’ ಎಂಬ ದೊಡ್ಡ ಹಡಗನ್ನು ಹಿಡಿದು ಅದರ ಸರಕನ್ನೆಲ್ಲ ಆಮ್‌ಸ್ಟರ್‌ಡಾಮಿಗೆ ಸಾಗಿಸಿದನು. ಕೊಳ್ಳೆಯ ಧನವನ್ನು ಮುಟ್ಟುವುದು ಧರ್ಮವೇ ಎಂಬ ಶಂಕೆ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಪಾಲುದಾರರಲ್ಲಿಯೇ ಕೆಲವರಿಗೆ ಉಂಟಾಯಿತು. ಆ ಶಂಕೆಯನ್ನು ಪರಿಹರಿಸುವುದಕ್ಕಾಗಿ ಹ್ಯೂಗೋ ಗ್ರೋಷಿಯಸ್ ಎಂಬ ತರುಣ ವಕೀಲನು ಬರೆದ ದೀರ್ಘಗ್ರಂಥದ ಒಂದು ಅಧ್ಯಾಯವೇ 1609ರಲ್ಲಿ ‘ಮಾರೆ ಲಿಬೆರಮ್’, ಎಂದರೆ ‘ಮುಕ್ತ ಸಮುದ್ರ’, ಎಂಬ ಹೆಸರಿನಲ್ಲಿ ಹೊರಬಂದಿತು. ಅದರ ಬಾಣ ನೆಟ್ಟದ್ದು, ಪರವಾನಗಿಯ ಚೀಟಿಯಿಲ್ಲದೆ ಯಾರೂ ಹಿಂದೂ ಮಹಾಸಾಗರದಲ್ಲಿ ವ್ಯಾಪಾರ ಮಾಡಕೂಡದೆಂದು ವಿಧಿಸಿದ್ದ ಪೋರ್ಚುಗೀಸರ ಮೇಲೆ. ‘ಕಾರ್ತಾಜ್’ ಎಂಬ ಆ ಚೀಟಿಯ ನಿರ್ಬಂಧ ನಮ್ಮ ಹೊನ್ನಾವರ, ಭಟ್ಕಳ, ಬಸರೂರುಗಳ ಹಡಗುಗಳನ್ನೂ ಬಿಡಲಿಲ್ಲ. ಗ್ರೋಷಿಯಸನ ವಾದ ಸರಳವಾದುದು: ಯಾವುದನ್ನು ಹಿಡಿದಿಟ್ಟುಕೊಳ್ಳುವುದು ಅಶಕ್ಯವೋ, ಒಬ್ಬನು ಬಳಸಿದರೆ ಮತ್ತೊಬ್ಬನ ಪಾಲಿಗೆ ಯಾವುದು ಕಡಿಮೆಯಾಗುವುದಿಲ್ಲವೋ, ಅದು ಯಾರ ಸ್ವತ್ತೂ ಆಗಲಾರದು. ಅದೇ ಗ್ರೋಷಿಯಸನು 1613ರಲ್ಲಿ ಲಂಡನ್ನಿಗೆ ಹೋಗಿ ಸಂಬಾರದ್ವೀಪಗಳ ವ್ಯಾಪಾರ ಡಚ್ಚರೊಬ್ಬರಿಗೇ ಮೀಸಲೆಂದು ವಾದಿಸಬೇಕಾಗಿ ಬಂದಾಗ, ಇಂಗ್ಲಿಷರು ಅವನ ಗ್ರಂಥದ ಮಾತುಗಳನ್ನೇ ಅವನೆದುರಿಗೆ ಹಿಡಿದರು. ಕಂಪನಿಯ ಲಾಭಕ್ಕಾಗಿ ಹುಟ್ಟಿದ ವಾದವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ. ಸತ್ಯವು ಯಾರ ಬಾಯಿಂದ ಬಂದಿತೆಂಬುದು ಅದರ ಬಲವನ್ನು ಕುಂದಿಸುವುದಿಲ್ಲ.

ಆದರೆ ಜಲಸಂಧಿಯ ಮುಂದೆ ಈ ವಾದ ತಡವರಿಸುತ್ತದೆ. ಮಹಾಸಾಗರವನ್ನು ಹಿಡಿದಿಡಲಾಗದು, ನಿಜ; ಜಲಸಂಧಿಯನ್ನು ಹಿಡಿಯಬಹುದು. ಡೆನ್ಮಾರ್ಕಿನ ಅರಸರು ಬಾಲ್ಟಿಕ್ ಸಮುದ್ರದ ಬಾಗಿಲಾದ ಓರೆಸುಂಡ್‌ನಲ್ಲಿ, ಸುಮಾರು ನಾಲ್ಕು ಕಿಲೋಮೀಟರು ಮಾತ್ರ ಅಗಲವಿರುವೆಡೆಯಲ್ಲಿ, ಕ್ರೋನ್‌ಬೋರ್ಗ್ ಕೋಟೆಯ ಫಿರಂಗಿಗಳನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಹಡಗುಗಳಿಂದ ಸುಂಕ ವಸೂಲು ಮಾಡಿದರು. 1658ರಲ್ಲಿ ಎದುರು ದಡ ಸ್ವೀಡನ್ನಿನ ವಶಕ್ಕೆ ಹೋದ ಮೇಲೆಯೂ ಅದು ನಿಲ್ಲದೆ, 1857ರ ಕೋಪನ್‌ಹೇಗನ್ ಒಪ್ಪಂದದಲ್ಲಿ ಇತರ ರಾಷ್ಟ್ರಗಳು ಒಟ್ಟು ಹಣವನ್ನು ತೆತ್ತ ಬಳಿಕವೇ ರದ್ದಾಯಿತು. ಆದುದರಿಂದ ಜಲಸಂಧಿಯಲ್ಲಿ ಹಾಯುವ ಹಕ್ಕಿಗೆ ನೀರಿನ ಸ್ವಭಾವವನ್ನಲ್ಲದೆ ಬೇರೊಂದು ಆಧಾರವನ್ನು ಹುಡುಕಬೇಕಾಗುತ್ತದೆ. ಅದರ ಹೊಳಹನ್ನು ತತ್ತ್ವಜ್ಞಾನಿ ಕಾಂಟನು 1795ರಲ್ಲಿ ಬರೆದ ಶಾಶ್ವತಶಾಂತಿಯ ಪ್ರಬಂಧದಲ್ಲಿ ಕಾಣಬಹುದು: ಭೂಮಿ ಗೋಳಾಕಾರವಾಗಿರುವುದರಿಂದ ಮನುಷ್ಯರು ಒಬ್ಬರಿಂದೊಬ್ಬರು ಅನಂತವಾಗಿ ದೂರ ಸರಿಯಲಾರರು, ಆದ್ದರಿಂದ ಪರಸ್ಪರರ ಸಾನ್ನಿಧ್ಯವನ್ನು ಸಹಿಸಲೇಬೇಕು, ಪರದೇಶಿಗೆ ನೆಲೆಸುವ ಹಕ್ಕಿಲ್ಲದಿದ್ದರೂ ಬಂದುಹೋಗುವ ಹಕ್ಕುಂಟು. ದಾರಿಯೊಂದು ಯಾರ ದಡದ ಪಕ್ಕದಲ್ಲಿ ಬಿದ್ದಿತೆಂಬುದು ಭೂಗೋಳದ ಆಕಸ್ಮಿಕ; ಆ ಆಕಸ್ಮಿಕವನ್ನು ಪರರ ಬದುಕಿನ ಮೇಲಣ ಅಧಿಕಾರವನ್ನಾಗಿ ಮಾರ್ಪಡಿಸಿಕೊಳ್ಳಲು ಯಾವ ರಾಜ್ಯಕ್ಕೂ ನ್ಯಾಯವಾದ ಕಾರಣವಿಲ್ಲ.

ಈ ತತ್ತ್ವಕ್ಕೆ ನ್ಯಾಯಪೀಠದ ಮುದ್ರೆ ಬಿದ್ದದ್ದು ಕೋರ್ಫೂ ಮೊಕದ್ದಮೆಯಲ್ಲಿ. 1946ರ ಅಕ್ಟೋಬರ್ 22ರಂದು ಗ್ರೀಸಿನ ಕೋರ್ಫೂ ದ್ವೀಪಕ್ಕೂ ಅಲ್ಬೇನಿಯದ ದಡಕ್ಕೂ ನಡುವಣ ಕಾಲುವೆಯಲ್ಲಿ ಹಾಯುತ್ತಿದ್ದ ಬ್ರಿಟಿಷ್ ಯುದ್ಧನೌಕೆಗಳಲ್ಲಿ ‘ಸೌಮರೆಜ್’, ‘ವೊಲೇಜ್’ ಎಂಬೆರಡು ನೀರಿನಲ್ಲಿ ಹುದುಗಿಸಿದ್ದ ಸಿಡಿಗುಂಡುಗಳಿಗೆ ತಾಗಿ 44 ಮಂದಿ ನಾವಿಕರು ಮಡಿದರು. ಆ ಕಾಲುವೆ ಅನಿವಾರ್ಯವಾದ ಮಾರ್ಗವಲ್ಲ, ದ್ವೀಪವನ್ನು ಬಳಸಿಕೊಂಡು ಹೋಗಬಹುದಾಗಿತ್ತು, ತನ್ನ ಅನುಮತಿಯಿಲ್ಲದೆ ಹಾಯ್ದದ್ದು ಅಪರಾಧ ಎಂಬುದು ಅಲ್ಬೇನಿಯದ ವಾದ. ಅಂತರರಾಷ್ಟ್ರೀಯ ನ್ಯಾಯಾಲಯವು 1949ರ ಏಪ್ರಿಲ್ 9ರಂದು ಇದನ್ನು ಒಪ್ಪಲಿಲ್ಲ. ಮಾರ್ಗ ಅನಿವಾರ್ಯವೋ ಅಲ್ಲವೋ ಎಂಬುದು ಗೌಣ. ಮುಕ್ತಸಮುದ್ರದ ಎರಡು ಭಾಗಗಳನ್ನು ಅದು ಕೂಡಿಸುತ್ತದೆಯೇ, ನಾನಾ ದೇಶಗಳ ಹಡಗುಗಳು ಅದನ್ನು ಬಳಸುತ್ತವೆಯೇ ಎಂಬುದೇ ಮುಖ್ಯ. ಗ್ರೀಸಿನೊಡನೆ ಇದ್ದ ವೈಮನಸ್ಯದ ನಿಮಿತ್ತ ಅಲ್ಬೇನಿಯ ಯುದ್ಧನೌಕೆಗಳ ಸಂಚಾರಕ್ಕೆ ನಿಯಮಗಳನ್ನು ವಿಧಿಸಬಹುದಾಗಿತ್ತು, ನಿಷೇಧಿಸುವಂತಿರಲಿಲ್ಲ. ಅಷ್ಟೇ ಅಲ್ಲ, ತನ್ನ ನೀರಿನಲ್ಲಿ ಅಪಾಯವಿದೆಯೆಂದು ಬಲ್ಲವನು ಹಾಯುವವನನ್ನು ಎಚ್ಚರಿಸತಕ್ಕದ್ದು. ಈ ಕರ್ತವ್ಯಕ್ಕೆ ಯಾವ ಕರಾರೂ ಬೇಕಿಲ್ಲ, ಮಾನವೀಯತೆಯೇ ಸಾಕು. ಆದರೆ ಅದೇ ತೀರ್ಪು ಬ್ರಿಟನ್ನನ್ನೂ ಬಿಡಲಿಲ್ಲ: ಸ್ಫೋಟವಾದ ಮೂರು ವಾರಗಳ ಬಳಿಕ ಅದರ ನೌಕೆಗಳು ಅಲ್ಬೇನಿಯದ ಸಮ್ಮತಿಯಿಲ್ಲದೆ ಬಂದು ಸಿಡಿಗುಂಡುಗಳನ್ನು ಹುಡುಕಿ ತೆಗೆದದ್ದು ಅಲ್ಬೇನಿಯದ ಪ್ರಭುತ್ವಕ್ಕೆ ಭಂಗವೆಂದು ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಸಾರಿದರು. ಹಾಯುವುದಕ್ಕೆ ಇದ್ದ ಹಕ್ಕು ನಿಂತು ಕೆಲಸ ಮಾಡುವುದಕ್ಕೆ ಇರಲಿಲ್ಲ. ಬಲಿಷ್ಠ ರಾಷ್ಟ್ರವೊಂದನ್ನು ದುರ್ಬಲ ರಾಷ್ಟ್ರದೆದುರಿಗೆ ಇಷ್ಟು ಸಮಚಿತ್ತದಿಂದ ತೂಗಿದ ಈ ತೀರ್ಪನ್ನು ಓದುವಾಗ ನನಗೆ ಇಂದಿಗೂ ಗೌರವ ಉಂಟಾಗುತ್ತದೆ.

ಫಿರಂಗಿಯ ಗುಂಡು ಮುಟ್ಟುವಷ್ಟು ದೂರ ದಡದವನದೆಂಬ ಹಳೆಯ ಭಾವನೆಯಿಂದ ಮೂರು ನಾಟಿಕಲ್ ಮೈಲಿಗಳಿಗೆ ನಿಂತಿದ್ದ ಪ್ರಾದೇಶಿಕ ಸಮುದ್ರ 1982ರ ಸಮುದ್ರ ಕಾನೂನು ಒಪ್ಪಂದದಲ್ಲಿ ಹನ್ನೆರಡಕ್ಕೆ ವಿಸ್ತರಿಸಿತು. ಹಾಗಾದೊಡನೆ, ಸುಮಾರು 21 ನಾಟಿಕಲ್ ಮೈಲಿಗಳಷ್ಟೇ ಅಗಲವಾದ ಹೋರ್ಮುಜ್‌ನ ಇಕ್ಕಟ್ಟಿನಂಥ ಕಡೆಗಳಲ್ಲಿ ಮುಕ್ತಸಮುದ್ರದ ಪಟ್ಟಿಯೊಂದೂ ಉಳಿಯದೆ ಎರಡು ದಡಗಳ ಪ್ರಭುತ್ವಗಳು ನಡುನೀರಿನಲ್ಲಿ ಒಂದನ್ನೊಂದು ಮುಟ್ಟಿದವು. ಇದಕ್ಕೆ ನೌಕಾಬಲವುಳ್ಳ ರಾಷ್ಟ್ರಗಳು ಸಮ್ಮತಿಸಬೇಕಾದರೆ ದಾರಿ ಮುಚ್ಚುವುದಿಲ್ಲವೆಂಬ ಭರವಸೆ ಬೇಕಾಯಿತು. ಸಾಮಾನ್ಯ ಪ್ರಾದೇಶಿಕ ಸಮುದ್ರದಲ್ಲಿ ದಡದ ಶಾಂತಿಗೆ ಕೇಡುಮಾಡದ ಹಾದುಹೋಗುವಿಕೆಗೆ ಮಾತ್ರ ಅವಕಾಶ. ರಕ್ಷಣೆಯ ಕಾರಣದಿಂದ ಅದನ್ನು ತಾತ್ಕಾಲಿಕವಾಗಿ ತಡೆಯಬಹುದು, ಜಲಾಂತರ್ಗಾಮಿಗಳು ಮೇಲೆದ್ದು ಧ್ವಜ ತೋರಿಸತಕ್ಕದ್ದು. ಜಲಸಂಧಿಗಳಿಗೆ ಹೊಸದಾಗಿ ಕಲ್ಪಿಸಿದ ಗಮನಾಧಿಕಾರವನ್ನಾದರೋ ತಡೆಯುವಂತಿಲ್ಲ, ವಿಮಾನಗಳಿಗೂ ಅದುಂಟು. ಆದರೆ ನಿಲ್ಲದೆ, ತಡಮಾಡದೆ ದಾಟಬೇಕೆಂಬುದೇ ಅದರ ಪ್ರಾಣ. ಬಾಸ್ಫರಸ್‌ನಂಥ ಕೆಲವು ಕಡೆ ಹಳೆಯ ಒಪ್ಪಂದಗಳೇ ಮುಂದುವರಿದಿವೆ. 1936ರ ಮೊಂತ್ರೋ ಒಪ್ಪಂದ ಅಲ್ಲಿ ಇಂದಿಗೂ ಜಾರಿಯಲ್ಲಿದೆ. ಹೋರ್ಮುಜ್‌ನ ದಡದ ಇರಾನ್ 1982ರ ಒಪ್ಪಂದಕ್ಕೆ ಸಹಿ ಹಾಕುವಾಗಲೇ, ಈ ಗಮನಾಧಿಕಾರ ಒಪ್ಪಂದಕ್ಕೆ ಸೇರಿದವರಿಗೆ ಮಾತ್ರ ಸಲ್ಲುವ ಕೊಡುಕೊಳೆಯೆಂದು ಘೋಷಿಸಿತು. ಒಪ್ಪಂದಕ್ಕೆ ಸೇರದ ಅಮೆರಿಕವು ಅದು ಸರ್ವರಿಗೂ ಸಲ್ಲುವ ರೂಢಿಯೆನ್ನುತ್ತದೆ. ಹಾಯುವ ಹಕ್ಕು ಕರಾರಿನಿಂದ ಹುಟ್ಟಿತೋ ಕರಾರಿಗೂ ಮೊದಲೇ ಇತ್ತೋ ಎಂಬ ತತ್ತ್ವಪ್ರಶ್ನೆಯೇ ಈ ವಿವಾದದ ಒಳಗಿದೆ. ಎಚ್ಚರಿಸಬೇಕಾದ ಕರ್ತವ್ಯಕ್ಕೆ ಕರಾರು ಬೇಡವಾದರೆ, ಹಾಯಬೇಕಾದವನ ಮೂಲಹಕ್ಕಿಗೂ ಅದು ಬೇಕಿಲ್ಲವೆಂದೇ ನಾನು ತಿಳಿಯುತ್ತೇನೆ, ಅದರ ವಿಸ್ತಾರದ ಬಗ್ಗೆ ವಾದಕ್ಕೆ ಎಡೆಯಿದ್ದರೂ.

ಹಾಯುವವನ ಋಣದ ಮಾತು ಇನ್ನೂ ಉಳಿದಿದೆ. ಕೇವಲ ಹಾದುಹೋದ ಕಾರಣಕ್ಕೆ ಸುಂಕ ಕೇಳುವಂತಿಲ್ಲವೆಂಬುದು ಇಂದಿನ ನಿಯಮ. ಆದರೆ ಮಲಾಕ್ಕಾ ಜಲಸಂಧಿಯಲ್ಲಿ ದೀಪಸ್ತಂಭಗಳನ್ನು ಉರಿಸುವ ಶ್ರಮ, ಆಳವನ್ನು ಅಳೆಯುವ ಶ್ರಮ, ಎಣ್ಣೆ ಚೆಲ್ಲಿದಾಗ ಮೀನುಗಾರರು ಪಡುವ ಕಷ್ಟ, ಇವೆಲ್ಲ ಬೀಳುವುದು ಇಂಡೋನೇಷ್ಯ, ಮಲೇಷ್ಯ, ಸಿಂಗಪುರಗಳ ಮೇಲೆ. ಲಾಭವೋ ದೂರದೂರದ ರೇವುಗಳಿಗೆ. ಈ ಭಾರವನ್ನು ಬಳಸುವವರೂ ಹೊರುವುದು ಉಚಿತವೆಂದು 1982ರ ಒಪ್ಪಂದದ 43ನೆಯ ವಿಧಿ ಸೂಚಿಸುತ್ತದೆ. ಅಲ್ಲಿ ಜಪಾನ್ ದಶಕಗಳಿಂದ ಸ್ವಇಚ್ಛೆಯಿಂದ ಹಣ ಕೊಡುತ್ತ ಬಂದಿದೆ. 2007ರಲ್ಲಿ ಆ ಮೂರು ರಾಜ್ಯಗಳೂ ಬಳಕೆದಾರರೂ ಕೂಡಿ ಒಂದು ಸಹಕಾರದ ವ್ಯವಸ್ಥೆಯನ್ನು ಸ್ಥಾಪಿಸಿದರು. ಆದರೆ ಹಾಯುವ ಹಕ್ಕನ್ನು ತಡೆಯಲಾಗದೆಂದು ಅಷ್ಟು ದೃಢವಾಗಿ ವಿಧಿಸಿದ ಕಾನೂನು, ಹಾಯುವವನು ಕೊಡಬೇಕಾದುದನ್ನು ಮಾತ್ರ ಇನ್ನೂ ಅವನ ಇಚ್ಛೆಗೇ ಬಿಟ್ಟಿದೆ.