ಗುಳಿಗೆ ಪುಕ್ಕಟೆ, ಗುಟ್ಟಿಗೆ ದುಡ್ಡು

ಸರ್ಕಾರಿ ಎಆರ್‌ಟಿ ಸೆಂಟರಿನಲ್ಲಿ ಎಚ್‌ಐವಿ ಗುಳಿಗೆಗೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಉಚಿತ ಚಿಕಿತ್ಸೆ ಶುರುಮಾಡಿದಾಗ ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆದರೂ ತಮ್ಮದೇ ಊರಿನ ಜಿಲ್ಲಾಸ್ಪತ್ರೆಯನ್ನು ಬಿಟ್ಟು ಪಕ್ಕದ ಜಿಲ್ಲೆಯ ಸೆಂಟರಿಗೆ ಹೋಗುವವರು ಇಂದಿಗೂ ಇದ್ದಾರೆ. ನಸುಕಿನ ಮೊದಲ ಬಸ್ಸು, ಒಂದು ದಿನದ ಕೂಲಿ ಖೋತಾ, ಹೋಟೆಲಿನ ಊಟ, ಮನೆಯಲ್ಲಿ ಹೇಳಲು ಒಂದು ನೆಪ. ಮಾತ್ರೆ ತುಂಬಿದ ಡಬ್ಬಿ ಬ್ಯಾಗಿನಲ್ಲಿ ಗಲಗಲ ಸದ್ದು ಮಾಡುತ್ತದೆ. ಅದಕ್ಕೇ ಕೆಲವರು ಸೆಂಟರಿನ ಹೊರಗೇ ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು, ಖಾಲಿ ಡಬ್ಬಿ ಎಸೆದು ಬಸ್ ಹತ್ತುತ್ತಾರೆ. ತೇವ ತಗಲದಂತೆ ಡಬ್ಬಿಯಲ್ಲೇ ಇಡಬೇಕಾದ ಮಾತ್ರೆ ಅದು. ಔಷಧ ಕೆಡುವ ಭಯಕ್ಕಿಂತ ಸದ್ದಿನ ಭಯ ದೊಡ್ಡದು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜು ಉಳಿಯಿತು. ಕೂಲಿ ಉಳಿಯಲಿಲ್ಲ.

ಈ ಖರ್ಚಿಗೂ ವೈರಸ್ಸಿಗೂ ಸಂಬಂಧವಿಲ್ಲ. ಇದು ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮಾತು ಕಳಿಸಿದ ಬಿಲ್ಲು. ತಾನಾಗಿ ತಂದುಕೊಂಡ ಕಾಯಿಲೆಗೆ ಊರಿನ ದುಡ್ಡು ಯಾಕೆ ಸುರಿಯಬೇಕು ಎಂದು ಕೇಳುವವರು ಇದನ್ನು ಧರ್ಮದ ಪ್ರಶ್ನೆಯೆಂದೇ ಭಾವಿಸಿ ಕೇಳುತ್ತಾರೆ. ಹಾಗಾದರೆ ಧರ್ಮದ ಕಡೆಯಿಂದಲೇ ಉತ್ತರ ಹುಡುಕಬೇಕು.

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಸಾಂಕ್ರಾಮಿಕ ವಿಪತ್ತಿನ ಕುರಿತದ್ದು. ಪಾಂಚಾಲದ ರಾಜಧಾನಿ ಕಾಂಪಿಲ್ಯದ ಬಳಿ, ಬೇಸಿಗೆಯ ಕೊನೆಯ ತಿಂಗಳಲ್ಲಿ ಆತ್ರೇಯರು ಶಿಷ್ಯರೊಂದಿಗೆ ಗಂಗೆಯ ದಡದಲ್ಲಿ ನಡೆಯುತ್ತಿದ್ದಾರೆ. ಒಬ್ಬೊಬ್ಬರ ಪ್ರಕೃತಿ, ಆಹಾರ, ವಯಸ್ಸು ಬೇರೆಬೇರೆ ಆಗಿರುವಾಗ ಊರಿಗೆ ಊರೇ ಒಂದೇ ರೋಗದಿಂದ ಸಾಯುವುದು ಹೇಗೆ ಎಂದು ಅಗ್ನಿವೇಶ ಕೇಳುತ್ತಾನೆ. ಎಲ್ಲರೂ ಹಂಚಿಕೊಳ್ಳುವ ಗಾಳಿ, ನೀರು, ನೆಲ, ಕಾಲ ಕೆಟ್ಟಾಗ ಹಾಗಾಗುತ್ತದೆ ಎಂಬುದು ಗುರುವಿನ ಉತ್ತರ. ಅವು ಕೆಡುವುದಕ್ಕೆ ಮೂಲ ಅಧರ್ಮ ಎಂದೂ ಅವರು ಹೇಳುತ್ತಾರೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಅಧರ್ಮದ ಪಟ್ಟಿಯಲ್ಲಿ ಮೊದಲು ನಿಲ್ಲುವವರು ದೇಶವನ್ನೂ ನಗರವನ್ನೂ ಆಳುವ ಮುಖಂಡರು, ಹಾಸಿಗೆ ಹಿಡಿದ ರೋಗಿಯಲ್ಲ. ಮುಂದೆ ಅದೇ ಅಧ್ಯಾಯದಲ್ಲಿ ಆಯುಸ್ಸಿನ ಮಾತು ಬರುತ್ತದೆ. ಆಯುಸ್ಸು ದೈವವನ್ನೂ ಪುರುಷಪ್ರಯತ್ನವನ್ನೂ ಅವಲಂಬಿಸಿದೆ, ಎಲ್ಲವೂ ಮೊದಲೇ ನಿಗದಿಯಾಗಿದ್ದರೆ ಔಷಧ ಯಾರಿಗೂ ಬೇಕಾಗುತ್ತಿರಲಿಲ್ಲ ಎಂಬುದು ಅಲ್ಲಿನ ವಾದ. ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಬುದ್ಧನನ್ನು ಸೀವಕ ಎಂಬ ಪರಿವ್ರಾಜಕ ಕೇಳಿದ. ಸಂಯುತ್ತ ನಿಕಾಯದ ಆ ಸುತ್ತದಲ್ಲಿ ಬುದ್ಧ ನೋವಿಗೆ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಎಂದು ಸಾಗುವ ಎಣಿಕೆಯಲ್ಲಿ ಕರ್ಮ ಒಂದು, ಅದೂ ಕೊನೆಯದು.

ಕರ್ಮದ ಲೆಕ್ಕ ಬೇಡವೆನ್ನುವ ಸಹೃದಯರಲ್ಲೂ ಇನ್ನೊಂದು ಲೆಕ್ಕ ಉಳಿದುಬಿಡುತ್ತದೆ. ಗಂಡನಿಂದ ಬಂದಿದ್ದರೆ ‘ಅಯ್ಯೋ ಪಾಪ’, ತಾಯಿಯಿಂದ ಮಗುವಿಗೆ ಬಂದಿದ್ದರೆ ‘ಏನೂ ಅರಿಯದ ಕೂಸು’. ಈ ಕನಿಕರದ ಬೆನ್ನಿಗೇ ಉಳಿದವರೆಲ್ಲ ತಪ್ಪಿತಸ್ಥರೆಂಬ ತೀರ್ಪು ಅಂಟಿಕೊಂಡಿದೆ. ಲಾರಿ ಚಾಲಕ, ಲೈಂಗಿಕ ಕಾರ್ಯಕರ್ತೆ, ಸಲಿಂಗಿ ಯುವಕ ಇವರೆಲ್ಲ ಆ ತೀರ್ಪಿನಡಿ ಬರುತ್ತಾರೆ. ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದ ಉತ್ತರ ಕರ್ನಾಟಕದ ಹುಡುಗಿಯನ್ನು ಯಾವ ಸಾಲಿಗೆ ಹಾಕುವುದು? ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲೇ ಮಾಡಿತು. ಅವಳನ್ನು ಆ ಬದುಕಿಗೆ ದೂಡಿದ್ದನ್ನು ಊರು ಧರ್ಮವೆಂದು ಕರೆದಿತ್ತು, ಕಾಯಿಲೆ ಬಂದಾಗ ಅದೇ ಊರು ಅವಳ ಕರ್ಮವೆಂದಿತು.

ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಹಸಿವು ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ. ಔಷಧದ ಸರದಿಗೂ ಅದೇ ನಿಯಮ ಸಲ್ಲಬೇಕು.

ಸರ್ಕಾರಗಳು ಖರ್ಚನ್ನು ಸಮರ್ಥಿಸಿಕೊಳ್ಳುವುದು ಉಪಯೋಗದ ಮಾತಿನಿಂದ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಸೋಂಕು ಪತ್ತೆಯಾದ ಎಲ್ಲರಿಗೂ ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಎಣಿಕೆ ಕುಸಿಯುವವರೆಗೆ ಕಾಯದೆ ಚಿಕಿತ್ಸೆ ಕೊಡಬೇಕೆಂದು ಭಾರತ 2017ರಲ್ಲಿ ನಿರ್ಧರಿಸಿದ್ದಕ್ಕೆ ಇದೂ ಒಂದು ಬಲವಾಗಿತ್ತು. ವಾದ ನಿಜ. ಆದರೆ ಅದೊಂದರ ಮೇಲೇ ನಿಂತರೆ, ಮದ್ದು ಒಗ್ಗದೆ ವೈರಲ್ ಲೋಡ್ ಇಳಿಯದವರ ಗತಿಯೇನು? ವಿನಯಪಿಟಕದಲ್ಲಿ ಒಬ್ಬ ಭಿಕ್ಷು ಅತಿಸಾರದಿಂದ ತನ್ನ ಹೊಲಸಿನಲ್ಲೇ ಬಿದ್ದಿರುತ್ತಾನೆ. ಯಾಕೆ ನೋಡಿಕೊಳ್ಳಲಿಲ್ಲ ಎಂದು ಬುದ್ಧ ಕೇಳಿದರೆ, ಅವನಿಂದ ನಮಗೇನೂ ಉಪಕಾರವಿಲ್ಲವೆಂದು ಉಳಿದವರು ಹೇಳುತ್ತಾರೆ. ಅಷ್ಟರಲ್ಲಿ ಬುದ್ಧನೂ ಆನಂದನೂ ಸೇರಿ ಅವನನ್ನು ತೊಳೆದು ಹಾಸಿಗೆಗೆ ಎತ್ತಿ ಮಲಗಿಸಿಯಾಗಿತ್ತು.

ಬೆಲೆ ಎಂಬುದು ದೈವದತ್ತವಲ್ಲ ಎನ್ನುವುದಕ್ಕೆ ಈ ಮಾತ್ರೆಗಳ ಚರಿತ್ರೆಯೇ ಸಾಕ್ಷಿ. 1996ರಲ್ಲಿ ಮೂರು ಔಷಧಗಳ ಚಿಕಿತ್ಸೆ ಜೀವ ಉಳಿಸುತ್ತದೆಂದು ಖಚಿತವಾದಾಗ ಅದರ ವರ್ಷದ ಬೆಲೆ ಹತ್ತು ಸಾವಿರ ಡಾಲರಿಗೂ ಹೆಚ್ಚು. 2001ರ ಫೆಬ್ರುವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನೇ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದರು, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆ. 1970ರ ನಮ್ಮ ಪೇಟೆಂಟ್ ಕಾಯ್ದೆ ಔಷಧಕ್ಕೇ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿದ್ದುದರಿಂದ ಅದು ಸಾಧ್ಯವಾಯಿತು. ಆ ದಿನಗಳಲ್ಲಿ ದಕ್ಷಿಣ ಆಫ್ರಿಕಾದ ಹೋರಾಟಗಾರ ಝ್ಯಾಕಿ ಅಖ್ಮತ್, ತಾನೂ ಸೋಂಕಿತನಾಗಿದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಸಿಗುವವರೆಗೆ ತಾನು ಔಷಧ ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದ. 2002ರಲ್ಲಿ ಮಂಡೇಲಾ ಮನೆಗೇ ಬಂದು ಕೇಳಿಕೊಂಡರೂ ಒಪ್ಪಲಿಲ್ಲ. ಮರುವರ್ಷ ಸಂಗಾತಿಗಳ ಒತ್ತಾಯದ ಮೇಲೆ ಮಾತ್ರೆ ಶುರುಮಾಡಿದ. ಉಳಿದವರಿಗೆ ದಕ್ಕದ ಬದುಕು ತನಗೆ ಮಾತ್ರ ದಕ್ಕಬಾರದೆಂಬ ಆ ನಿಲುವು ಹೊಣೆಗೇಡಿತನ ಎಂದವರೂ ಇದ್ದರು. ಆದರೆ ಬೆಲೆಯನ್ನು ಪಾಪಪುಣ್ಯದ ಮಾತಿನಿಂದ ಬಿಡಿಸಿ ನ್ಯಾಯದ ಮಾತಾಗಿಸಿದ್ದು ಇಂಥ ಹಟವೇ.

ಇಲ್ಲಿ ಆ ನ್ಯಾಯ ಅರ್ಧಕ್ಕೆ ನಿಂತಿದೆ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ತಾರತಮ್ಯವನ್ನು ನಿಷೇಧಿಸುತ್ತದೆ, ಗುಟ್ಟನ್ನು ಕಾಪಾಡುತ್ತದೆ. ಔಷಧದ ವಿಷಯ ಬಂದಾಗ ಮಾತ್ರ ‘ಸಾಧ್ಯವಾದಷ್ಟು ಮಟ್ಟಿಗೆ’ ಒದಗಿಸಬೇಕು ಎಂದು ಸಡಿಲ ಬಿಡುತ್ತದೆ. 2022ರಲ್ಲಿ ಮಾತ್ರೆಗಳ ಕೊರತೆಯಾದಾಗ ಸೋಂಕಿತರು ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಕಚೇರಿಯ ಮುಂದೆ ವಾರಗಟ್ಟಲೆ ಧರಣಿ ಕೂರಬೇಕಾಯಿತು.

ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ರಿಪೋರ್ಟ್ ಪಾಸಿಟಿವ್ ಬಂದರೆ ‘ಬೇರೆ ಕಿಟ್ ಬೇಕು’ ಎಂದು ಬಿಲ್ ಏರಿಸುವುದೂ ಉಂಟು. ರಕ್ತ ಯಾರದೇ ಇರಲಿ ಒಂದೇ ಬಗೆಯ ಎಚ್ಚರಿಕೆ ವಹಿಸಬೇಕೆಂಬುದು ವೈದ್ಯಕೀಯದ ನಿಯಮ, ಹಾಗಾಗಿ ಆ ಹೆಚ್ಚುವರಿ ದುಡ್ಡಿಗೆ ಆಧಾರವಿಲ್ಲ. ಪ್ರಶ್ನಿಸಬೇಕಾದರೆ ಕೌಂಟರಿನಲ್ಲಿ ದನಿಯೆತ್ತಬೇಕು, ದನಿಯೆತ್ತಿದರೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಬಹಳಷ್ಟು ಜನ ಸುಮ್ಮನೆ ಕಟ್ಟಿಬಿಡುತ್ತಾರೆ.

ಆರೋಗ್ಯ ಸ್ಥಿರವಾಗಿರುವವರಿಗೆ ಈಗ ಒಮ್ಮೆಗೇ ಮೂರು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆ ಇದೆ, ತಾಲ್ಲೂಕು ಮಟ್ಟದಲ್ಲೂ ಲಿಂಕ್ ಎಆರ್‌ಟಿ ಸೆಂಟರುಗಳಿವೆ. ವರ್ಷಕ್ಕೆ ಹನ್ನೆರಡು ಕೂಲಿಯ ಬದಲು ನಾಲ್ಕು ಕಳೆದುಕೊಂಡರೆ ಸಾಕು. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ತನ್ನ ಓಣಿಯವರೇ ಆಗಿದ್ದರೆ, ಹೆಂಗಸೊಬ್ಬಳು ನಾಲ್ಕು ಸಲವೂ ಪಕ್ಕದ ಜಿಲ್ಲೆಯ ಬಸ್ಸನ್ನೇ ಹತ್ತುತ್ತಾಳೆ.