ನೀವು ಹೋಗಿ ಬನ್ನಿ

"ನನಗೇನೂ ಆಗಿಲ್ಲ, ನೀವು ಹೋಗಿ ಬನ್ನಿ." ಈ ಮಾತನ್ನು ನಮ್ಮ ಹೆಂಗಸರು ಜೀವಮಾನದಲ್ಲಿ ಎಷ್ಟು ಸಲ ಆಡುತ್ತಾರೋ ಲೆಕ್ಕ ಇಟ್ಟವರಿಲ್ಲ. ಸಿನಿಮಾಕ್ಕೆ, ಜಾತ್ರೆಗೆ, ನೆಂಟರ ಮದುವೆಗೆ ಎಲ್ಲರನ್ನೂ ಕಳಿಸಿ ತಾವು ಮನೆ ಕಾಯುವಾಗ ಆಡುವ ಮಾತು. ನಾನೂ ಆಡಿದ್ದೇನೆ. ಆಡಿದಾಗೆಲ್ಲ ಅದು ನಿಜವಾಗಿತ್ತೇ ಎಂದರೆ ಉತ್ತರ ಕಷ್ಟ. ಆದರೆ ಇನ್ನೊಬ್ಬರು ಅದೇ ಮಾತನ್ನು ನನಗೆ ಹೇಳಿದಾಗ ಎರಡನೇ ಸಲ ಕೇಳದೆ ನಂಬಿಬಿಟ್ಟೆ. ಅದೂ ಎಲ್ಲಿ, ಅಮೆರಿಕದ ಮರುಭೂಮಿಯ ಒಂದು ಬೆಟ್ಟದ ಮೇಲೆ.

ಅರಿಜೋನಾದ ಫೀನಿಕ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಸಂಜೆ ಪಾರ್ಕಿನಲ್ಲಿ ಅಡ್ಡಾಡುವಾಗ ಮೂವರು ಕನ್ನಡದ ಹೆಂಗಸರು ಸಿಕ್ಕಿದರು. ಎಲ್ಲರೂ ನನ್ನ ಹಾಗೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರೇ. ಮೈಸೂರಿನವರು, ಹಾಸನದವರು, ದಾವಣಗೆರೆಯವರು. ಹೆಸರಿಗಿಂತ ಊರೇ ಬಾಯಿಗೆ ಬರುತ್ತಿತ್ತು. ಊರ ನಡುವೆಯೇ ಇರುವ ಪೈಯೆಸ್ಟೆವಾ ಶಿಖರ ಹತ್ತೋಣವೆಂದವರು ಮೈಸೂರಿನವರು. "ಎರಡೇ ಕಿಲೋಮೀಟರು ಕಣ್ರೀ, ನಾನು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೋಳು" ಎಂದರು.

ಆ ಎರಡು ಕಿಲೋಮೀಟರಿನಲ್ಲಿ ಸುಮಾರು 1,200 ಅಡಿ ಏರಬೇಕೆಂಬುದನ್ನು ಮೊಣಕಾಲುಗಳೇ ತಿಳಿಸಿದವು. ಚಾಮುಂಡಿ ಬೆಟ್ಟದಲ್ಲಾದರೆ ಮರಗಳುಂಟು, ಸುಸ್ತಾದರೆ ದೊಡ್ಡ ನಂದಿಯ ಮುಂದೆ ಕೂರಬಹುದು. ಇಲ್ಲಿ ಮೊನಚು ಕಲ್ಲು, ಒಂದಕ್ಕೊಂದು ಅಳತೆಯಿಲ್ಲದ ಮೆಟ್ಟಿಲು, ಕೈ ಎತ್ತಿ ನಿಂತ ಸಗುವಾರೊ ಕಳ್ಳಿಗಳು. ಈ ಕಳ್ಳಿಗೆ ಮೊದಲ ಕೈ ಒಡೆಯಲು ಐವತ್ತು, ಎಪ್ಪತ್ತು ವರ್ಷ ಬೇಕಂತೆ. ಎಳೆಯದರಲ್ಲಿ ಬಿಸಿಲು, ಚಳಿ ತಾಳಲಾರದೆ ಪಾಲೊ ವರ್ಡೆ ಎಂಬ ಹಸಿರು ತೊಗಟೆಯ ಮರದ ಕೆಳಗೆ ಬೆಳೆಯುತ್ತದೆ. ದೊಡ್ಡದಾದ ಮೇಲೆ ನೀರಿಗೆ ಪೈಪೋಟಿ ಮಾಡಿ ಕೆಲವೊಮ್ಮೆ ಸಾಕಿದ ಮರವನ್ನೇ ಒಣಗಿಸುತ್ತದೆ. ಮೈಸೂರಿನವರು ಇದನ್ನು ಹೇಳಿದಾಗ ನಾಲ್ವರೂ ಮುಖ ಮುಖ ನೋಡಿಕೊಂಡು ನಕ್ಕೆವು. ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮಾರ್ಚ್ ತಿಂಗಳಾದ್ದರಿಂದ ಬದುಕಿದೆವು. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು. ಒಣಗಾಳಿಗೆ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಹಾಗಾಗಿ ಮೈಯ ನೀರು ಹೋದದ್ದೂ ತಿಳಿಯುವುದಿಲ್ಲ. ತಂದ ನೀರು ಅರ್ಧ ಮುಗಿದರೆ ಹಿಂದಿರುಗಿಬಿಡಿ ಎಂದು ಅಳಿಯ ಹೇಳಿ ಕಳಿಸಿದ್ದರು.

ಅರ್ಧ ದಾರಿಗಿಂತ ಸ್ವಲ್ಪ ಮೇಲೆ ಹಾಸನದವರು ಬಂಡೆಯ ನೆರಳಿನಲ್ಲಿ ಕೂತುಬಿಟ್ಟರು. ಮುಖ ಬಾಡಿತ್ತು. "ನನಗೇನೂ ಆಗಿಲ್ಲ, ನೀವು ಹೋಗಿ ಬನ್ನಿ" ಎಂದರು. "ಒಬ್ಬರನ್ನೇ ಬಿಟ್ಟು ಹೆಂಗ್ರೀ ಹೋಗೋದು?" ಎಂದು ದಾವಣಗೆರೆಯವರು ಅನುಮಾನಿಸಿದರು. ನಾನೇ, ನೋಡಿ, "ಅವರೇ ಹೇಳ್ತಿದಾರಲ್ಲ" ಎಂದೆ. ಬೆಟ್ಟದ ತುದಿ ಕಾಣುತ್ತಿತ್ತು. ಕಾಣದಿದ್ದರೆ ನಾನು ಒಳ್ಳೆಯವಳಾಗಿರುತ್ತಿದ್ದೆನೇನೋ.

ಹಿಂದಿನ ರಾತ್ರಿ ಮಗಳು ಹೇಳಿದ್ದ ಕತೆ ತುದಿ ಮುಟ್ಟಿದ ಮೇಲೆ ನೆನಪಾಯಿತು. ಮೂಲನಿವಾಸಿ ಹೆಂಗಸರನ್ನು ಹೀಗಳೆಯುವ ಪದವೊಂದು ಮೊದಲು ಈ ಬೆಟ್ಟದ ಹೆಸರಾಗಿತ್ತು. 2003ರಲ್ಲಿ ಇರಾಕ್ ಯುದ್ಧದಲ್ಲಿ ಮಡಿದ ಲೋರಿ ಪೈಯೆಸ್ಟೆವಾಳ ಹೆಸರನ್ನು ಆಮೇಲೆ ಇಟ್ಟರು. ಹೋಪಿ ಬುಡಕಟ್ಟಿನವಳು, 23 ವರ್ಷ, ಎರಡು ಮಕ್ಕಳ ತಾಯಿ. ಭುಜಕ್ಕೆ ಪೆಟ್ಟಾಗಿದ್ದರಿಂದ ಅವಳು ಯುದ್ಧಕ್ಕೆ ಹೋಗದೆ ಉಳಿಯಬಹುದಿತ್ತಂತೆ. ಗೆಳತಿ ಜೆಸ್ಸಿಕಾ ಲಿಂಚ್ ಹೋಗುತ್ತಿದ್ದಾಳೆಂದು ತಾನೂ ಹೊರಟಳಂತೆ. ಅಂಥವಳ ಹೆಸರಿನ ಬೆಟ್ಟದ ಮೇಲೆ, ಗೆಳತಿಯನ್ನು ದಾರಿಯಲ್ಲಿ ಕೂರಿಸಿ ಬಂದ ನಾನು ಫೋಟೊಕ್ಕೆ ನಗುತ್ತಿದ್ದೆ.

ಒಬ್ಬರ ಮಾತನ್ನು ನಂಬುವುದು ಗೌರವ, ಒಪ್ಪುತ್ತೇನೆ. ಎಲೆಗೆ ಕೈ ಅಡ್ಡ ಹಿಡಿದರೂ ಇನ್ನೊಂದು ಹೋಳಿಗೆ ಬಡಿಸಿಯೇ ತೀರುವವರ ಉಪಚಾರ ಎಂಥ ಹಿಂಸೆಯೆಂದು ಉಂಡವರಿಗೆ ಗೊತ್ತು. ಆದರೆ ಫ್ರಾಕು ತೊಡುವ ವಯಸ್ಸಿನಿಂದ "ಬೇಡ" ಎನ್ನುವುದನ್ನೇ ಕಲಿತವಳ ಬೇಡವನ್ನು ಹಾಗೇ ಒಪ್ಪಿಕೊಂಡರೆ ಅದು ಗೌರವವೋ, ನಮ್ಮ ಅನುಕೂಲವೋ? ನಮ್ಮಮ್ಮ "ಹಸಿವಿಲ್ಲ" ಎಂದಾಗೆಲ್ಲ ಪಾತ್ರೆಯಲ್ಲಿ ಎಷ್ಟು ಅನ್ನ ಉಳಿದಿದೆಯೆಂದು ನಾವು ಮಕ್ಕಳು ಯಾರೂ ಇಣುಕಿ ನೋಡಲಿಲ್ಲ. ನಂಬುವುದು ಸುಲಭವಾಗಿತ್ತು.

ಇಳಿದು ಬಂದಾಗ ನೆರಳು ಸರಿದಿತ್ತು, ಹಾಸನದವರೂ ಅದರ ಜೊತೆ ಸರಿದು ಕೂತಿದ್ದರು. "ಇಷ್ಟು ಬೇಗ ಬಂದ್ಬಿಟ್ರಾ? ಯಾರೂ ಏನೂ ಕೇಳದೆ ಹೀಗೆ ಒಬ್ಬಳೇ ಕೂತು ಎಷ್ಟು ತಿಂಗಳಾಗಿತ್ತು ಗೊತ್ತಾ!" ಎಂದು ನಕ್ಕರು. ನನ್ನ ಎದೆಯ ಭಾರ ಇಳಿಯಿತು. ಅಷ್ಟರಲ್ಲಿ ಅವರ ಪಕ್ಕದಲ್ಲಿದ್ದ ಬಾಟಲಿ ಕಣ್ಣಿಗೆ ಬಿತ್ತು. ಒಂದು ಹನಿಯೂ ಇರಲಿಲ್ಲ. ನನ್ನದನ್ನು ಕೊಟ್ಟೆ. ಮಾತಿಲ್ಲದೆ, ಒಂದೇ ಉಸಿರಿಗೆ ಕುಡಿದರು. ಎರಡರಲ್ಲಿ ಯಾವುದು ನಿಜವೆಂದು ಕೇಳುವ ಧೈರ್ಯ ನನಗಾಗಲಿಲ್ಲ, ಎರಡೂ ಇರಬಹುದು.

ಇಳಿಯುವಾಗ ಅವರ ಹಿಂದೆಯೇ ಇದ್ದೆ. "ಕೂರೋಣವಾ?" ಎಂದು ಎರಡು ಸಲ ಕೇಳಿದೆ. ಎರಡು ಸಲವೂ "ಬೇಡ" ಎಂದರು. ಮೂರನೇ ಸಲ ಕೇಳದೆ ನಾನೇ ಒಂದು ಕಲ್ಲಿನ ಮೇಲೆ ಕೂತೆ. ಅವರೂ ಬಂದು ಪಕ್ಕದಲ್ಲಿ ಕೂತರು.